ಒಂದೇ ಬಳ್ಳಿಯ ಎರಡು ಮದ್ದು

ಒಂದು ಕಾಡಿನಲ್ಲಿ ಮಳೆಗಾಲ ಮುಗಿಯಿತೆಂದರೆ ಸಾಕು, ಜ್ವರ ಶುರುವಾಗುತ್ತಿತ್ತು. ಮದ್ದಿಗೇನೂ ಬರವಿರಲಿಲ್ಲ. ಗುಡ್ಡದ ಮೇಲೆ ಕರಡಿಗಳ ಸಂಘ ಬೇರು ಅರೆದು ಕಷಾಯ ಕೊಡುತ್ತಿತ್ತು. ಆಲದ ಮರದಲ್ಲಿ ಮುಸುವ ಕೋತಿಗಳ ಸಂಘ ಸೊಪ್ಪಿನ ರಸ ಕೊಡುತ್ತಿತ್ತು. ನಡೆಯಲಾಗದವರನ್ನು ಆನೆಗಳು ಹೊಳೆಯ ತಂಪಿಗೆ ಹೊತ್ತೊಯ್ಯುತ್ತಿದ್ದವು. ಮೂವರೂ ಒಳ್ಳೆಯವರೇ. ಆದರೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಅದಕ್ಕೆ ಕಾರಣ ಪುನುಗು ಬೆಕ್ಕು. "ಮುಸುವಗಳು ನಿಮ್ಮನ್ನ ಮಣ್ಣು ಕೆದರೋರು ಅಂತಾರೆ" ಎಂದು ಅದು ಕರಡಿಗಳ ಕಿವಿ ಊದಿತ್ತು. ಮುಸುವಗಳ ಹತ್ತಿರ ಕರಡಿಗಳ ಮೇಲೆ, ಆನೆಗಳ ಹತ್ತಿರ ಇಬ್ಬರ ಮೇಲೂ ಚಾಡಿ ಹೇಳಿತ್ತು. ಹೀಗಾಗಿ ಮೂವರಲ್ಲಿ ಯಾರೂ ಇನ್ನೊಬ್ಬರ ಹತ್ತಿರ ಹೋಗಿ ಎನ್ನುತ್ತಿರಲಿಲ್ಲ. ಕಾಯಿಲೆ ಬಿದ್ದವರೆಲ್ಲ ಎಲ್ಲಿಗೆ ಹೋಗಬೇಕೆಂದು ಅದನ್ನೇ ಕೇಳಬೇಕಿತ್ತು. ಕೇಳಿದಾಗಲೆಲ್ಲ ಒಂದು ಗೊಂಚಲು ಹಣ್ಣು ಕೊಡಬೇಕಿತ್ತು. ಹೊಟ್ಟೆಬಾಕ ಬೆಕ್ಕಿಗೆ ಸುಗ್ಗಿಯೋ ಸುಗ್ಗಿ!

ಒಂದು ದಿನ ಮೊಲವ್ವನ ಮಗಳಿಗೆ ಜ್ವರ ಬಂತು. ಬೆಕ್ಕು ಬೆಳಿಗ್ಗೆ ಅವರನ್ನು ಕರಡಿಗಳ ಹತ್ತಿರ ಕಳಿಸಿತು. ಮಧ್ಯಾಹ್ನ ಇನ್ನೊಂದು ಗೊಂಚಲು ಇಸಿದುಕೊಂಡು ಮುಸುವಗಳ ಹತ್ತಿರ ಕಳಿಸಿತು.

"ಕರಡಿ ಮದ್ದು ಕುಡಿದಿದ್ದು ಅಲ್ಲಿ ಬಾಯಿ ಬಿಡಬೇಡವ್ವ. ಸಿಟ್ಟು ಮಾಡ್ಕೊಂಡು ವಾಪಸ್ ಕಳಿಸ್ತಾರೆ" ಎಂದಿತು.

ಪಾಪ, ಮೊಲವ್ವ ನಂಬಿದಳು. ಸಂಜೆಯ ಹೊತ್ತಿಗೆ ಮಗಳು ಕಣ್ಣೇ ಬಿಡದಾದಳು.

ಪಕ್ಕದ ಬಿಲದಲ್ಲಿ ಒಂದು ಮುಂಗುಸಿ ಇತ್ತು. ಏನು ಕಂಡರೂ ಮೂತಿ ಹಾಕಿ 'ಏಕೆ' ಎನ್ನುವುದು ಅದರ ಚಾಳಿ. ಮೊಲವ್ವನ ಅಳು ಕೇಳಿ ಓಡಿ ಬಂತು. ನಡೆದದ್ದನ್ನೆಲ್ಲ ಕೇಳಿ, ಅಲ್ಲಿ ಬಿದ್ದಿದ್ದ ಎರಡು ದೊನ್ನೆಗಳನ್ನೂ ಮೂಸಿತು.

"ಅಕ್ಕ, ಮದ್ದು ಕೊಟ್ಟಿದ್ದು ಇಬ್ಬರು. ಎರಡಕ್ಕೂ ಒಂದೇ ವಾಸನೆ ಏಕೆ?"

ದೊನ್ನೆಗಳನ್ನು ಹಿಡಿದುಕೊಂಡು ಮುಂಗುಸಿ ಗುಡ್ಡ ಹತ್ತಿತು. "ಕರಡಿಯಣ್ಣ, ಇದು ಯಾವುದರ ಬೇರು?" ಎಂದು ಕೇಳಿತು. ಆಲದ ಮರದ ಬುಡಕ್ಕೆ ಬಂತು. "ಮುಸುವಜ್ಜಿ, ಇದು ಯಾವುದರ ಸೊಪ್ಪು?" ಎಂದಿತು. ಇಬ್ಬರೂ ತೋರಿಸಿದ್ದು ಒಂದೇ ಕಹಿಬಳ್ಳಿಯನ್ನು!

"ಅಯ್ಯೋ, ಒಂದು ದಿನಕ್ಕೆ ಒಂದೇ ದೊನ್ನೆ ಕುಡೀಬೇಕು! ಎರಡಾದ್ರೆ ಜೀವಕ್ಕೇ ಕುತ್ತು" ಎಂದು ಮುಸುವಜ್ಜಿ ಎದೆ ಬಡಿದುಕೊಂಡಳು. ಸುದ್ದಿ ಮುಟ್ಟಿದ್ದೇ ಕರಡಿಯಣ್ಣ ಗುಡ್ಡದಿಂದ ಉರುಳಿಕೊಂಡೇ ಬಂದ. ಆನೆಯಕ್ಕನಿಗೆ ವಿಷಯವನ್ನು ಯಾರೂ ಹೇಳಿಯೇ ಇರಲಿಲ್ಲ. ಮುಂಗುಸಿ ಹೇಳಿದ್ದೇ ತಡ, ಅವಳು ಮರಿಯನ್ನು ಸೊಂಡಿಲಲ್ಲಿ ಎತ್ತಿ ಹೊಳೆಗೆ ನಡೆದಳು. ಮೂವರೂ ಕೂತು ಗುಟುಕು ಗುಟುಕಾಗಿ ನೀರು ಕುಡಿಸಿದರು. ಬೆಳಗಾಗುವಾಗ ಮರಿ ಕಿವಿ ಅಲ್ಲಾಡಿಸಿತು. ಮೊಲವ್ವ ಬಿಕ್ಕಿ ಬಿಕ್ಕಿ ಅತ್ತಳು, ಈ ಸಲ ಸಂತೋಷಕ್ಕೆ.

ಬೆಕ್ಕು ಹೇಳಿದ್ದ ಮಾತನ್ನು ಕರಡಿಯಣ್ಣನಿಂದ ತಿಳಿದಿದ್ದ ಮುಂಗುಸಿ ಆಗ ಮತ್ತೆ ಕೇಳಿತು: "ಅಜ್ಜಿ, ಇವರನ್ನ ಮಣ್ಣು ಕೆದರೋರು ಅಂದಿದ್ದು ನೀವೇನಾ?"

"ನಾನ್ಯಾಕೆ ಅನ್ನಲಿ?" ಎಂದಳು ಅಜ್ಜಿ. ಬೆಕ್ಕಿನ ಚಾಡಿಯೆಲ್ಲ ಬಯಲಾಯಿತು. ಅಂದಿನಿಂದ ಬೆಕ್ಕನ್ನು ಯಾರೂ ದಾರಿ ಕೇಳಲಿಲ್ಲ. ಮೂವರೂ ಕೂಡಿ ಒಂದು ಪದ್ಧತಿ ಮಾಡಿದರು. ಮದ್ದು ಕೊಟ್ಟವರು ರೋಗಿಯ ಕಾಲಿಗೆ ಒಂದು ಹುಲ್ಲಿನ ಗಂಟು ಕಟ್ಟಬೇಕು. ಗಂಟು ಕಂಡರೆ ಅವತ್ತು ಬೇರೆಯವರು ಮದ್ದು ಕೊಡುವ ಹಾಗಿಲ್ಲ.

ಕೆಲವು ದಿನಗಳ ನಂತರ ಪುನುಗು ಬೆಕ್ಕಿಗೇ ಜ್ವರ ಬಂತು. ಕರಡಿಯಣ್ಣ ಕಷಾಯ ಕೊಟ್ಟು ಗಂಟು ಕಟ್ಟಿದ. 'ಎಳೆ ಮರಿಗೆ ಎರಡು ಹೆಚ್ಚಾಯಿತು, ನನಗೇನಾಗುತ್ತದೆ? ಎರಡು ಸಲ ಕುಡಿದರೆ ಬೇಗ ವಾಸಿಯಾದೀತು' ಎಂದುಕೊಂಡ ಬೆಕ್ಕು ಗಂಟನ್ನು ಕಚ್ಚಿ ಬಿಸಾಡಿತು. ಮುಸುವಜ್ಜಿಯ ಹತ್ತಿರ ಹೋಗಿ, ಏನೂ ಗೊತ್ತಿಲ್ಲದವರ ಹಾಗೆ ನಿಂತು ಇನ್ನೊಂದು ದೊನ್ನೆ ಕುಡಿಯಿತು. ಮರದ ಬುಡ ದಾಟುವ ಮೊದಲೇ ತಲೆ ಸುತ್ತಿ ಬಿತ್ತು.

ಆನೆಯಕ್ಕ ಅದನ್ನು ಹೊತ್ತು ಹೊಳೆಯ ದಡದಲ್ಲಿ ಮಲಗಿಸಿದಳು. ಇಡೀ ಕಾಡು ಸುತ್ತ ನೆರೆಯಿತು. ಮುಂಗುಸಿ ಬಗ್ಗಿ ಕೇಳಿತು: "ಏನು ಕುಡಿದೆ? ಯಾರ ಹತ್ತಿರ ಕುಡಿದೆ?"

ಬೆಕ್ಕು ತಲೆ ಎತ್ತಲಾರದೆ ಎಲ್ಲರ ಕಾಲುಗಳನ್ನೇ ನೋಡಿತು. ಸುಳ್ಳು ಹೇಳಿದರೆ ಜೀವ ಹೋಗುತ್ತದೆ ಎಂದು ಕಾಡಿನಲ್ಲಿ ಅದಕ್ಕಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

"ಇಬ್ಬರ ಹತ್ತಿರಾನೂ ಕುಡಿದೆ. ನಾನೇ ಮುಚ್ಚಿಟ್ಟೆ" ಎಂದಿತು.

ಮೊಲವ್ವ ಮುಂದೆ ಬಂದಳು. ಅದರ ಬಾಯಿಗೆ ನೀರು ಹಿಡಿದಳು.

ನೀತಿ: ಊರಿನ ಆರೋಗ್ಯ ಕಾಯುವವರು ಒಬ್ಬರನ್ನೊಬ್ಬರು ಕೇಳಿಕೊಂಡು ಒಟ್ಟಾಗಿ ಕೆಲಸ ಮಾಡಬೇಕು, ಅವರ ನಡುವೆ ಗುಟ್ಟು ಹುಟ್ಟಿಸಿದವನು ಕೊನೆಗೆ ತಾನೇ ಅದಕ್ಕೆ ಬಲಿಯಾಗುತ್ತಾನೆ.