ಮೊದಲ ಹಿಮಕ್ಕೆ ಹೊರಟ ನೇಕಾರ

“ಗುರುಗಳೇ, ನಾನು ಮಾಡಿದ್ದು ಸರಿ ಎಂದು ತಿಳಿಯುವುದು ಹೇಗೆ?” ಎಂದು ಅಡಿವೆಪ್ಪ ಕೇಳಿದ. ಅವನ ದನಿಯಲ್ಲಿ ಯಾವುದೋ ಜಗಳದ ಬಿಸಿ ಇನ್ನೂ ಆರಿರಲಿಲ್ಲ.

ಗುರುಗಳು ಪ್ರಾಯದಲ್ಲಿ ಆರು ವರ್ಷ ಹಿಮಾಲಯದ ಕಡೆ ಇದ್ದು ಬಂದವರು. “ಅಲ್ಲಿನ ಒಬ್ಬ ನೇಕಾರನ ಸಂಗತಿ ಹೇಳುತ್ತೇನೆ, ಕೇಳು” ಎಂದರು.

ಆ ಊರಲ್ಲಿ ಹಿಮ ಬಿದ್ದ ಮೇಲೆ ಜನ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಓಡಾಡುತ್ತಾರೆ. ಅದಕ್ಕೆ ಸ್ಕೀ ಎನ್ನುತ್ತಾರೆ. ಬೆಟ್ಟ ಹತ್ತುವಾಗ ಹಲಗೆ ಹಿಂದಕ್ಕೆ ಜಾರದಂತೆ ಅದರ ಅಡಿಗೆ ಒರಟು ಪಟ್ಟಿ ಅಂಟಿಸುತ್ತಾರೆ. ತುದಿ ತಲುಪಿದ ಮೇಲೆ ಪಟ್ಟಿ ಕಿತ್ತು ಚೀಲಕ್ಕೆ ಹಾಕಿಕೊಂಡು ಜಾರುತ್ತ ಇಳಿಯುತ್ತಾರೆ. ಅರ್ಧ ದಿನ ಬೆವರು ಸುರಿಸಿ ಹತ್ತಿದ್ದನ್ನು ಅರ್ಧ ಗಳಿಗೆಯಲ್ಲಿ ಇಳಿದು ಬರುವುದೇ ಅಲ್ಲಿನವರ ಸಂತೋಷ.

ನೇಕಾರನಿಗೆ ಆ ಹುಚ್ಚು ಎಲ್ಲರಿಗಿಂತ ಹೆಚ್ಚು. ಒಂದು ವರ್ಷ ಹಿಮ ಬೇಗ ಬಿತ್ತು. ಎರಡು ದಿನ ಸುರಿದು, ಮೂರನೆಯ ದಿನ ಬೆಳಗ್ಗೆ ಆಕಾಶ ತಿಳಿಯಾಯಿತು. ನೇಕಾರ ಅರ್ಧ ನೇಯ್ದ ಕಂಬಳಿಯನ್ನು ಮಗ್ಗದ ಮೇಲೇ ಬಿಟ್ಟು ಎದ್ದ.

“ಈ ಸಲ ಬೆಟ್ಟದ ತುದಿಯವರೆಗೆ ಹಿಮದ ಮೇಲೆ ಹಲಗೆಯ ಮೊದಲ ಗೆರೆ ನನ್ನದು” ಎಂದು ಹೆಂಡತಿಗೆ ಹೇಳಿದ.

“ಗೆರೆ ಎಳೆದು ಕತ್ತಲಾಗುವುದರೊಳಗೆ ಬನ್ನಿ” ಎಂದು ಅವಳು ಮೂರು ರೊಟ್ಟಿ ಕಟ್ಟಿಕೊಟ್ಟಳು.

ಒಬ್ಬನೇ ಹೊರಟ. ಬೆಟ್ಟದ ಬುಡದಲ್ಲಿ ಹಿಮ ಇನ್ನೂ ತೆಳುವಾಗಿತ್ತು. ಹುಲ್ಲು ಇಣುಕುತ್ತಿತ್ತು. ಕಲ್ಲುಗಳು ಮಾತ್ರ ಕಾಣದಂತೆ ಅಡಗಿದ್ದವು. ಮೊದಲ ಏರಿನಲ್ಲೇ ಹಲಗೆ ಕಲ್ಲಿಗೆ ಸಿಕ್ಕಿ, ಅವನು ಒಂದು ಮುಳ್ಳಿನ ಪೊದೆಯೊಳಕ್ಕೆ ತಲೆಕೆಳಗಾಗಿ ಬಿದ್ದ. ನೋಡಿ ನಗಲು ಯಾರೂ ಇರಲಿಲ್ಲ. ಹಾಗಾಗಿ ಅವನೇ ನಕ್ಕ. ಮುಳ್ಳು ಕಿತ್ತುಕೊಂಡು ಮತ್ತೆ ಹತ್ತಿದ. ಮೇಲೆ ಹೋದಂತೆ ಹಿಮ ದಪ್ಪವಾಯಿತು. ಅವನ ಹಿಂದೆ ಎರಡು ಗೆರೆಗಳು ಊರಿನವರೆಗೂ ಇಳಿದು ಹೋಗಿದ್ದವು. ಮುಂದೆ ಒಂದೂ ಇರಲಿಲ್ಲ.

ನಡುಹಗಲಿಗೆ ಕೊನೆಯ ಏರಿಗೆ ಬಂದ. ತುದಿಗೆ ಇನ್ನು ನೂರು ಹೆಜ್ಜೆ. ಒಂದು ಹೆಜ್ಜೆ ಇಟ್ಟ. ಕಾಲಡಿಯ ಹಿಮ ಢಬ್ ಎಂದು ಸದ್ದು ಮಾಡಿ ಒಂದು ಬೆರಳಿನಷ್ಟು ಕೆಳಕ್ಕೆ ಕುಸಿದು ಕೂತಿತು. ಹಲಗೆಯ ಮುಂದೆ ಒಂದು ಬಿರುಕು ಸರ್ರನೆ ಓಡಿತು.

ಅದರ ಅರ್ಥ ಅವನಿಗೆ ಗೊತ್ತಿತ್ತು. ಮೇಲಿನ ಹಿಮ ಕೆಳಗಿನದನ್ನು ಇನ್ನೂ ಕಚ್ಚಿಕೊಂಡಿಲ್ಲ. ಇಡೀ ಇಳಿಜಾರು ಒಮ್ಮೆಲೇ ಜಾರಿ ಅವನನ್ನು ಹೂತುಹಾಕಬಹುದು. ಜಾರದೆಯೂ ಇರಬಹುದು. ಕೇಳೋಣವೆಂದರೆ ಜೊತೆಗೆ ಯಾರೂ ಇಲ್ಲ. ಅವನು ತುದಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಬಂದ ಗೆರೆಯಲ್ಲೇ ಮೆಲ್ಲಗೆ ಹಿಂದಕ್ಕೆ ಸರಿದು, ಒಂದು ಬಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚಿದ. ಮೊದಲ ರೊಟ್ಟಿ ತಿನ್ನುವಾಗ ಕಣ್ಣು ತುದಿಯ ಮೇಲೇ ಇತ್ತು. ಮೂರನೆಯದು ಮುಗಿಯುವ ಹೊತ್ತಿಗೆ ಬೇಸರವೂ ಮುಗಿದಿತ್ತು.

ಸ್ವಲ್ಪ ಕೆಳಗೆ ಒಂದು ಹುಲ್ಲುಗಾವಲು. ಅಲ್ಲಿ ಅಪಾಯವಿಲ್ಲದ ಸಣ್ಣ ಇಳಿಜಾರು, ಹಿಟ್ಟಿನಂಥ ಹಿಮ. ಪಟ್ಟಿ ಕಿತ್ತು ಇಳಿದ. ಎಷ್ಟು ಹಿತವಾಗಿತ್ತೆಂದರೆ, ಪಟ್ಟಿ ಅಂಟಿಸಿಕೊಂಡು ಮತ್ತೆ ಹತ್ತಿದ, ಮತ್ತೆ ಇಳಿದ. ಬಿಸಿಲು ಬಾಗುವವರೆಗೆ ಇದೇ ಕೆಲಸ. ಸಂಜೆ ಹಾಡು ಹೇಳಿಕೊಂಡು ಊರಿಗೆ ಬಂದ.

ಅವನ ಗೆಳೆಯ ಒಬ್ಬ ಕಮ್ಮಾರ. ದಾರಿಯಲ್ಲೇ ಅಡ್ಡ ಬಂದು, “ತುದಿ ಮುಟ್ಟಿದೆಯಾ?” ಎಂದ.

“ಇಲ್ಲ. ಹಿಮ ಬಿರುಕು ಬಿಟ್ಟಿತು. ಇನ್ನು ಹತ್ತು ದಿನ ಯಾರೂ ಆ ಕೊನೆಯ ಏರಿಗೆ ಹೋಗಬಾರದು.”

“ಬಿರುಕು ಬಿಟ್ಟದ್ದು ಹಿಮವೋ, ನಿನ್ನ ಎದೆಯೋ?” ಎಂದು ಕಮ್ಮಾರ ನಕ್ಕ. “ನಾಳೆ ನಾನೇ ಹೋಗಿ ನೋಡುತ್ತೇನೆ.”

ನೇಕಾರ ಕೈಹಿಡಿದು ಹೇಳಿದ. ಬೈದು ಹೇಳಿದ. ಕಮ್ಮಾರ ಕೇಳಲಿಲ್ಲ. ಮರುದಿನ ಬೆಳಗ್ಗೆ ಹೊರಟೇಬಿಟ್ಟ. ನೇಕಾರನಿಗೆ ಮಗ್ಗದ ಮುಂದೆ ಕೂರಲಾಗಲಿಲ್ಲ. ಹಗ್ಗ, ಸಲಿಕೆ ಬೆನ್ನಿಗೆ ಕಟ್ಟಿಕೊಂಡು ಅವನ ಹಿಂದೆಯೇ ಹೋದ. ಕೊನೆಯ ಏರಿನ ಪಕ್ಕದಲ್ಲಿ, ಬಂಡೆಯ ಮರೆಗೆ ನಿಂತ. ಕಮ್ಮಾರ ಒಬ್ಬನೇ ಏರಿನ ಮೇಲೆ ಕಾಲಿಟ್ಟ. ನೇಕಾರ ಸಲಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ‘ನಾನು ಹೇಳಿದ್ದು ಸುಳ್ಳಾಗಲಿ, ಸುಳ್ಳಾಗಲಿ’ ಎಂದು ಗೊಣಗುತ್ತಿದ್ದ. ಕಮ್ಮಾರ ಬಿರುಕಿದ್ದ ಜಾಗಕ್ಕೆ ಬಂದ.

ಗುರುಗಳು ನೀರು ಕುಡಿಯಲು ನಿಲ್ಲಿಸಿದರು. ಅಡಿವೆಪ್ಪ ಕುಳಿತಲ್ಲಿಂದ ಮುಂದೆ ಸರಿದಿದ್ದ.

“ಹಿಮ ಜಾರಿತೇ ಗುರುಗಳೇ?”

“ಇಲ್ಲಪ್ಪ. ಏನೂ ಆಗಲಿಲ್ಲ. ಕಮ್ಮಾರ ತುದಿಗೆ ಹೋಗಿ, ರುಮಾಲು ಬೀಸಿ, ಅದೇ ಇಳಿಜಾರಿನಲ್ಲಿ ಕೇಕೆ ಹಾಕುತ್ತ ಇಳಿದು ಬಂದ. ನೇಕಾರ ಸಲಿಕೆ ಬಿಸಾಡಿ ಓಡಿ ಹೋಗಿ ತಬ್ಬಿಕೊಂಡ. ಇಬ್ಬರೂ ಹಿಮದಲ್ಲಿ ಉರುಳಿದರು. ಆ ಚಳಿಗಾಲವೆಲ್ಲ ಊರಿನವರು ಅವನನ್ನು ಪುಕ್ಕಲ ನೇಕಾರ ಎಂದು ಕರೆದರು. ಕರೆದಾಗಲೆಲ್ಲ ಅವನು ನಗುತ್ತ ಓ ಎನ್ನುತ್ತಿದ್ದ.”

“ಛೆ!” ಎಂದ ಅಡಿವೆಪ್ಪ. “ಆ ಹಿಮ ಜಾರಬೇಕಿತ್ತು. ಆಗ ನೇಕಾರ ಮಾಡಿದ್ದೇ ಸರಿ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು.”

ಗುರುಗಳು ಲೋಟ ಕೆಳಗಿಟ್ಟು ನಕ್ಕರು.

“ಕಮ್ಮಾರ ಬದುಕಿ ಬಂದ ಎಂದು ನಾನು ಹೇಳಿದೆ ಅಡಿವೆಪ್ಪ, ಅದಕ್ಕೆ ನೀನು ಛೆ ಎಂದೆ.”