ಹಾವಿನ ಕರೆ ಮೂರು

ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮೂರು ಫೋನುಗಳಿದ್ದವು. ಬಾಗಿಲಲ್ಲೊಂದು, ವಾರ್ಡಿನಲ್ಲೊಂದು, ಡಾಕ್ಟರ ಕೋಣೆಯಲ್ಲೊಂದು. ದಿನದ ವರದಿ ಬರೆಯುವ ಕಂಪ್ಯೂಟರಿಗೆ ಏಳೂರಿಗೆ ತಾನೊಬ್ಬನೇ ಜಾಣನೆಂಬ ಜಂಬ. ಸಂಜೆ ಅದು ಮೂರನ್ನೂ ಕರೆದು ವಿಚಾರಿಸಿತು.

“ಮಗನಿಗೆ ಹಾವು ಕಚ್ಚಿದೆ ಅಂತ ಒಬ್ಬ ತಾಯಿ ಕರೆ ಮಾಡಿದಳು. ತಕ್ಷಣ ಎತ್ತಿ ಒಳಗೆ ದಾಟಿಸಿದೆ,” ಎಂದಿತು ಬಾಗಿಲ ಫೋನು.

“ನನಗೂ ಹಾವಿನದೇ ಕರೆ. ಎತ್ತಿ ಮುಂದಕ್ಕೆ ಕಳಿಸಿದೆ,” ಎಂದಿತು ವಾರ್ಡಿನದು.

“ನನಗೂ ಅದೇ. ಎತ್ತಿದೆ, ಕಾಯಲು ಹೇಳಿ ಹಾಡು ಹಾಕಿದೆ,” ಎಂದಿತು ಡಾಕ್ಟರದು.

ಕಂಪ್ಯೂಟರ್ ಎದೆಯುಬ್ಬಿಸಿತು. “ಹಾವಿನ ಕರೆ ಮೂರು, ಮೂರನ್ನೂ ಎತ್ತಿದ್ದೇವೆ. ಇಂಥ ವರದಿ ನನ್ನ ಬಿಟ್ಟು ಯಾವನು ಬರೆದಾನು?”

ಮೂರೂ ಫೋನುಗಳನ್ನು ಜೋಡಿಸಿ ಗೋಡೆಗುಂಟ ಹಾದುಹೋಗಿದ್ದ ತಂತಿ ಕೇಳಿತು, “ಹುಡುಗನ ಹೆಸರೇನಂತೆ, ಸ್ವಾಮಿ?”

“ಕೆಂಚೀರ,” ಎಂದಿತು ಬಾಗಿಲ ಫೋನು.

“ನನಗೂ ಕೆಂಚೀರ ಅಂದಳು.” ವಾರ್ಡಿನದರ ದನಿ ಇಳಿಯಿತು.

ಡಾಕ್ಟರ ಫೋನು ತಡವರಿಸಿತು. “‘ಕೆಂಚೀ’ ಅನ್ನುವಷ್ಟರಲ್ಲಿ ನಾನು ಹಾಡು ಹಾಕಿದೆ. ಹಾಡು ಮುಗಿದಾಗ ಆಚೆ ಕಡೆ ಯಾರೂ ಇರಲಿಲ್ಲ.”

ಕಂಪ್ಯೂಟರ್ ಬರೆದದ್ದನ್ನೆಲ್ಲ ಅಳಿಸಿ ಹೊಸದಾಗಿ ಬರೆಯಿತು: “ಬಂದ ಕರೆ ಒಂದು. ಎತ್ತಿದ್ದು ಮೂರು ಸಲ. ಉತ್ತರ ಕೊಟ್ಟವರಿಲ್ಲ.”