ಪಂಕ್ತಿಯಿಂದ ಎದ್ದ ಹುಡುಗಿ

"ಗುರುಗಳೇ, ಮಕ್ಕಳಲ್ಲಿ ಭೇದ ಮಾಡಬೇಡ ಎಂದು ನೀವೇ ಕಲಿಸಿದ್ದೀರಿ. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಗದ್ದಲವಾದರೆ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಸೇರುತ್ತಾನೆ. ಎಲ್ಲರೂ ಬರೆದು ಮುಗಿಸಿದಾಗ ಅವನದು ಅರ್ಧವೂ ಆಗಿರುವುದಿಲ್ಲ. ಅವನಿಗೆ ಹೆಚ್ಚು ಹೊತ್ತು ಕೊಟ್ಟೆ. ಉಳಿದ ಮಕ್ಕಳ ತಂದೆತಾಯಿಗಳು ಜಗಳಕ್ಕೆ ಬಂದರು. ಅವನನ್ನು ಬೇರೆ ಶಾಲೆಗೆ ಕಳಿಸಿಬಿಡೋಣ ಎಂದು ಹೆಡ್‌ಮಾಸ್ತರರು ಹೇಳುತ್ತಿದ್ದಾರೆ. ಒಬ್ಬನಿಗಾಗಿ ನಿಯಮ ಬದಲಿಸಿದರೆ ಅದೂ ಭೇದವೇ ಅಲ್ಲವೇ?"

ಶಾಲೆಯ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತಿದ್ದ ಗುರುಗಳು ಮೀಸೆ ತೀಡಿದರು. "ಇದೇ ಪ್ರಶ್ನೆಗೆ ಉತ್ತರ ಹೇಳಿ ಒಬ್ಬ ಮಹಾರಾಜನಿಂದ ಆನೆಯನ್ನೇ ಇನಾಮು ಪಡೆದವನು ನಾನು," ಎಂದರು.

ಶಿಷ್ಯೆ ಅವರನ್ನೇ ನೋಡಿದಳು.

"ಸುಳ್ಳು," ಎಂದು ಅವರೇ ಒಪ್ಪಿಕೊಂಡರು. "ಮಹಾರಾಜನೂ ಇಲ್ಲ, ಆನೆಯೂ ಇಲ್ಲ. ಕೊಟ್ಟಿದ್ದರೂ ನನ್ನ ಬಾಡಿಗೆ ಮನೆಯ ಯಜಮಾನರು ಕಟ್ಟಿಹಾಕಲು ಬಿಡುತ್ತಿರಲಿಲ್ಲ. ಆದರೆ ಈ ಕತೆ ಮಾತ್ರ ನಿಜ. ಹೆಚ್ಚುಕಡಿಮೆ ನಿಜ. ಕೇಳು ತಾಯಿ."

ಒಂದು ಊರಿನಲ್ಲಿ ಒಂದು ಛತ್ರವಿತ್ತು. ದೂರದಿಂದ ಓದಲು ಬಂದ ಮಕ್ಕಳಿಗೆ ಅಲ್ಲಿ ಇರಲು ಜಾಗ, ಎರಡು ಹೊತ್ತು ಊಟ. ದಾರಿಹೋಕರೂ ಉಣ್ಣುತ್ತಿದ್ದರು. ಪಂಕ್ತಿಯಲ್ಲಿ ಸಾವಿರ ಎಲೆ. ಸಾವಿರ ಎಂದೆನೇ? ಅರವತ್ತು ಎಂದಿಟ್ಟುಕೋ. ಎಲ್ಲರೂ ಒಟ್ಟಿಗೆ ಕೂರಬೇಕು, ಒಟ್ಟಿಗೆ ಏಳಬೇಕು. ನಡುವೆ ಒಬ್ಬರು ಎದ್ದರೂ ಉಳಿದವರು ಊಟ ಬಿಟ್ಟೆದ್ದು ಕೈ ತೊಳೆಯಬೇಕು. ಅದು ಅಲ್ಲಿನ ಪದ್ಧತಿ.

ಬಡಿಸುವವನೊಬ್ಬನಿದ್ದ. ಯಾರ ಎಲೆಗೂ ಒಂದು ತುತ್ತು ಹೆಚ್ಚಿಲ್ಲ, ಒಂದು ತುತ್ತು ಕಡಿಮೆ ಇಲ್ಲ ಎಂಬುದು ಅವನ ಹೆಮ್ಮೆ. ತನ್ನ ಸೌಟಿಗೆ ಕಣ್ಣಿಲ್ಲ ಎಂದು ಎಲ್ಲರೆದುರು ಹೇಳಿಕೊಳ್ಳುತ್ತಿದ್ದ.

ಆ ಛತ್ರಕ್ಕೆ ಒಬ್ಬ ಹುಡುಗಿ ಬಂದಳು. ಮಾತು ಕಡಿಮೆ. ಪಾಠವೆಂದರೆ ಪ್ರಾಣ. ಮೊದಲ ದಿನ ಪಂಕ್ತಿಯಲ್ಲಿ ಕೂತಳು. ಪಲ್ಯ ಬಂತು, ಅನ್ನ ಬಂತು, ಅನ್ನದ ಮೇಲೆ ಸಾರು ಬಂತು. ಸಾರು ಹರಿದು ಹೋಗಿ ಪಲ್ಯವನ್ನು ಮುಟ್ಟಿತು. ಹುಡುಗಿ ಬೆಂಕಿ ತಗುಲಿದವಳಂತೆ ಎದ್ದುಬಿಟ್ಟಳು.

ಪಂಕ್ತಿಯೆಲ್ಲ ಏಳಬೇಕಾಯಿತು. "ಪಾಯಸ ಇನ್ನೂ ಒಳಗೇ ಇತ್ತಲ್ಲೋ!" ಎಂದು ಒಬ್ಬ ಅಜ್ಜ ಅಲವತ್ತುಕೊಂಡ.

ಮರುದಿನವೂ ಅದೇ ಆಯಿತು. ಇದು ಕೊಬ್ಬು ಎಂದ ಛತ್ರದ ಪಾರುಪತ್ಯಗಾರ. ದೃಷ್ಟಿ ತಗುಲಿದೆ ಎಂದ ಅಡುಗೆಯವನು. ಬಡಿಸುವವನಿಗೆ ಮಾತ್ರ ಕನಿಕರ. ಮೂರನೆಯ ದಿನ ಅವಳ ಎಲೆಯೊಂದನ್ನೇ ಕಂಬದ ಹಿಂದೆ ಹಾಕಿದ. ಇನ್ನು ಯಾರಿಗೂ ತೊಂದರೆಯಿಲ್ಲ ಎಂದುಕೊಂಡ. ಅನ್ನ ಬಡಿಸಿದ, ಅದರ ಮೇಲೆ ಸಾರು ಬಡಿಸಿದ, ಮುಂದಕ್ಕೆ ಹೋದ. ಪಂಕ್ತಿ ಸುಸೂತ್ರವಾಗಿ ಮುಗಿಯಿತು. ಅಜ್ಜನಿಗೆ ಪಾಯಸವೂ ಸಿಕ್ಕಿತು. ಎಲೆ ತೆಗೆಯಲು ಕಂಬದ ಹಿಂದೆ ಹೋದರೆ ಅಲ್ಲಿ ಎಲೆ ಹಾಗೆಯೇ ಇತ್ತು. ಹುಡುಗಿ ಪಂಕ್ತಿಯಿದ್ದ ಕಡೆಗೆ ಮುಖ ಮಾಡಿ ಕೂತಿದ್ದಳು.

ಉಣ್ಣದ ಮಗುವನ್ನು ಇಟ್ಟುಕೊಂಡರೆ ಛತ್ರಕ್ಕೆ ಕೆಟ್ಟ ಹೆಸರು ಎಂದ ಪಾರುಪತ್ಯಗಾರ. ನಾಳೆ ಸಂಜೆಯ ಗಾಡಿಗೆ ಅವಳನ್ನು ಊರಿಗೆ ಕಳಿಸು ಎಂದ. ಅವಳ ಊರಿನಲ್ಲಿ ಶಾಲೆಯಿರಲಿಲ್ಲ. ಹೋದರೆ ಅವಳ ಓದು ಅಲ್ಲಿಗೆ ಮುಗಿದಂತೆ.

ಈ ಸಲ ಬಡಿಸುವವನು ಮುಂದಕ್ಕೆ ಹೋಗಲಿಲ್ಲ. ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತ. "ಯಾಕಮ್ಮ ಉಣ್ಣಲ್ಲ? ಏನಾಗುತ್ತೆ ನಿನಗೆ?" ಎಂದು ಕೇಳಿದ. ಅವಳು ಹೇಳಲಿಲ್ಲ. ಹೇಳಲಿ ಎಂದು ಕಾದ. ಕೊನೆಗೆ ಹೊಸ ಎಲೆ ಹಾಕಿ, ಪಾತ್ರೆಗಳನ್ನು ತಂದು ಮುಂದಿಟ್ಟು, ಸೌಟನ್ನು ಅವಳ ಕೈಗೆ ಕೊಟ್ಟ.

ಹುಡುಗಿ ಅನ್ನವನ್ನು ಎಲೆಯ ಈ ತುದಿಗೆ ಹಾಕಿಕೊಂಡಳು. ಪಲ್ಯವನ್ನು ಆ ತುದಿಗೆ. ಸಾರನ್ನು ಮಾತ್ರ ಪಾಯಸಕ್ಕೆಂದು ಇಟ್ಟಿದ್ದ ದೊನ್ನೆಗೆ. ಒಂದಕ್ಕೊಂದು ಸೋಕದಂತೆ ನೋಡಿಕೊಂಡಳು. ಆಮೇಲೆ ಉಂಡಳು. ಎಷ್ಟು ಹಸಿದಿದ್ದಳೆಂದರೆ ಬಡಿಸುವವನು ಬೇರೆ ಕಡೆ ನೋಡಬೇಕಾಯಿತು.

ಮರುದಿನ ಅವಳ ಎಲೆ ಕಂಬದ ಹಿಂದಿನಿಂದ ಪಂಕ್ತಿಗೆ ಬಂತು, ಪಕ್ಕದಲ್ಲಿ ಸಾರಿಗೊಂದು ದೊನ್ನೆಯ ಜೊತೆ. ಪಾರುಪತ್ಯಗಾರ ಕೂತಲ್ಲಿಂದಲೇ ಕೂಗಿದ.

"ಏನಯ್ಯಾ ಇದು? ಒಬ್ಬಳಿಗೆ ಸಾರಿಗೂ ದೊನ್ನೆ, ಉಳಿದವರಿಗೆ ಇಲ್ಲ! ಪಂಕ್ತಿಭೇದ ಮಾಡುತ್ತೀಯಾ?"

"ಸ್ವಾಮಿ, ಈ ಅಜ್ಜನಿಗೆ ಹಲ್ಲಿಲ್ಲ. ಅವರ ಅನ್ನವನ್ನು ಹಿಚುಕಿ ಬಡಿಸುತ್ತೇನೆ. ನಿಮಗೆ ಸಕ್ಕರೆ ಕಾಯಿಲೆ. ಪಾಯಸ ತಂದಾಗ ನಿಮ್ಮ ಎಲೆ ದಾಟಿಕೊಂಡು ಹೋಗುತ್ತೇನೆ."

"ಅದು ಬೇರೆ!"

"ಇದೂ ಬೇರೆಯೇ ಸ್ವಾಮಿ. ನನ್ನ ಸೌಟಿಗೆ ಕಣ್ಣಿಲ್ಲ ಅಂತ ಕೊಚ್ಚಿಕೊಳ್ಳುತ್ತಿದ್ದೆ. ಕಣ್ಣಿತ್ತು, ನನಗೇ ಗೊತ್ತಿರಲಿಲ್ಲ."

ತನ್ನ ಕಾಯಿಲೆಯ ಮಾತು ಎಲ್ಲರೆದುರು ಬಂದದ್ದರಿಂದ ಪಾರುಪತ್ಯಗಾರ ತನ್ನ ಎಲೆಯ ಕಡೆಗೆ ತಿರುಗಿದ. ಹುಡುಗಿ ಉಣ್ಣತೊಡಗಿದಳು. ಆದರೆ ಅವಳದು ಬಹಳ ನಿಧಾನ. ಒಂದೊಂದೇ ತುತ್ತು. ಎಲ್ಲರ ಊಟ ಮುಗಿದರೂ ಅವಳ ಅನ್ನ ಹಾಗೇ ಇತ್ತು. ಪದ್ಧತಿಯೆಂದರೆ ಪದ್ಧತಿ, ಯಾರೂ ಏಳುವಂತಿಲ್ಲ. ಕೈ ಒಣಗಿಸಿಕೊಂಡು ಪಂಕ್ತಿಯೆಲ್ಲ ಕಾದಿತು. ಗೊಣಗಲು ಹೊರಟವರೂ ಅವಳು ಉಣ್ಣುವುದನ್ನು ನೋಡುತ್ತಾ ಕೂತರು.

"ಹೇಗೂ ಕೂತಿದ್ದೇವಲ್ಲ," ಎಂದ ಅಜ್ಜ, "ಪಾಯಸ ಇನ್ನೊಂದು ಸೌಟು ಹಾಕು ಮಾರಾಯ."

ಆ ಸಂಜೆ ಗಾಡಿ ಬಂತು. ಖಾಲಿಯಾಗಿಯೇ ಹೋಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆಯ ಮುಖ ಅರಳಿತ್ತು.

"ತಿಳಿಯಿತು ಗುರುಗಳೇ. ನಾಳೆ ಆ ತಂದೆತಾಯಿಗಳಿಗೆ ಈ ಕತೆಯನ್ನೇ ಹೇಳುತ್ತೇನೆ. ಹುಡುಗನಿಗೆ ಹೆಚ್ಚು ಹೊತ್ತು ಕೊಡುತ್ತೇನೆ. ಗದ್ದಲ ಕೇಳದ ಹಾಗೆ ಕೊನೆಯ ಬೆಂಚಿನಲ್ಲಿ ಅವನಿಗೆ ಬೇರೆ ಜಾಗ ಮಾಡುತ್ತೇನೆ."

"ಬಹಳ ಸಂತೋಷ. ಈ ಚಹಾದ ದುಡ್ಡು ನೀನೇ ಕೊಟ್ಟುಬಿಡು ತಾಯಿ, ನನ್ನ ಜೇಬು ಮನೆಯಲ್ಲೇ ಉಳಿದಿದೆ," ಎಂದು ಗುರುಗಳು ಎದ್ದರು. ಶಿಷ್ಯೆ ನಗುತ್ತಾ ಪರ್ಸು ತೆರೆದಳು. ಹೊರಟವರು ಚಪ್ಪಲಿ ಮೆಟ್ಟುತ್ತಾ ತಿರುಗಿ ನೋಡಿದರು.

"ಕೊನೆಯ ಬೆಂಚು ಬೇಕು ಎಂದು ಆ ಹುಡುಗ ನಿನಗೆ ಯಾವಾಗ ಹೇಳಿದ?"

ಪರ್ಸಿನೊಳಗೆ ಹೋದ ಕೈ ಅಲ್ಲೇ ನಿಂತಿತು.